ಹುಂಜ ಎಲ್ಲಿ ಮಲಗಬೇಕು

ಬರಂಗಾಯ್ ಕಚೇರಿಯಲ್ಲಿ ಫ್ಯಾನು ಒಂದೇ.
ಅದು ಮುಖ ತಿರುಗಿಸಿದ ಕಡೆಯವರಿಗಷ್ಟೇ ಗಾಳಿ.
ಎಡಕ್ಕೆ ಪ್ಲಾಸಿದಾ, ಬಲಕ್ಕೆ ತೆಯೊದುಲೊ,
ನಡುವೆ ನಾನು, ಕಾಲ ಬಳಿ ಬುಟ್ಟಿ,
ಬುಟ್ಟಿಯಡಿಯಲ್ಲಿ ಫಿರ್ಯಾದಿನ ಹುಂಜ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಆಗಬಾರದು,
ಇಲ್ಲಿ ಕೂತವರಿಗೆ ಅದೇ ಮೊದಲ ಪಾಠ.
ಈ ಹುಂಜಕ್ಕೆ ಈಗ ಇರುವುದೇ ಒಂದು ಕಣ್ಣು.

ನಾನು ನ್ಯಾಯಾಧೀಶನಲ್ಲ, ಕ್ಷೌರಿಕ.
ಈ ದ್ವೀಪದ ಎಲ್ಲ ಕತ್ತುಗಳ ಹಿಂಬದಿ ಬಲ್ಲವನು.
ಕುರ್ಚಿಯಲ್ಲಿ ಕೂತವರು ಕನ್ನಡಿಗೆ ಹೇಳಿಕೊಳ್ಳುತ್ತಾರೆ,
ನನಗಲ್ಲ; ನಾನು ಕತ್ತರಿಯ ಸದ್ದಿನ ನಡುವೆ ಕೇಳಿಸಿಕೊಳ್ಳುತ್ತೇನೆ.
ಅದಕ್ಕೇ ಇರಬೇಕು, ಲುಪೊನ್ ಪಟ್ಟಿಯಲ್ಲಿ
ನನ್ನ ಹೆಸರು ಬರೆದುಕೊಂಡರು. ಸಂಬಳವಿಲ್ಲ.
ವಕೀಲರು ಒಳಗೆ ಬರುವಂತಿಲ್ಲ, ಕಟಕಟೆಯಿಲ್ಲ,
ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲಿಗೆ ತಂತಿ ಸುತ್ತಿದೆ.

"ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ನನಗೆ," ಅಂದಳು ಪ್ಲಾಸಿದಾ.
"ಎರಡಕ್ಕೆ ಮನೆ ಸೇರುತ್ತೇನೆ, ಬೆರಳು ಮರಗಟ್ಟಿರುತ್ತವೆ.
ದಿಂಬಿಗೆ ತಲೆ ಕೊಟ್ಟರೆ ಮೂರಕ್ಕೆ ಇವನ ಕೋಳಿ
ನನ್ನ ಕಿಟಕಿಗೇ ಬಾಯಿಟ್ಟು ಕೂಗುತ್ತದೆ.
ಚಪ್ಪಲಿ ಎಸೆದೆ. ಹೌದು. ಕಣ್ಣಿಗೆ ಗುರಿಯಿಟ್ಟಿರಲಿಲ್ಲ."

"ಕಾಳಗದ ಹುಂಜ," ಅಂದ ತೆಯೊದುಲೊ.
"ಎಂಟು ಸಾವಿರ ಪೆಸೊ. ಕೋರ್ಟಿಗೇ ಹೋಗುತ್ತೇನೆ."

ಹೋಗು, ಅಂದೆ. ದೋಣಿಗಿಷ್ಟು, ಅರ್ಜಿಗಿಷ್ಟು,
ಮುಂದಿನ ತಾರೀಕಿನವರೆಗೆ ಹುಂಜ ಬದುಕಿರಬೇಕು,
ಅದರಾಚೆಯ ತಾರೀಕಿನವರೆಗೆ ನೀನು.
ಗೆದ್ದವ ಸೋತ, ಸೋತವ ಸತ್ತ,
ಅನ್ನುವಾಗ ನನ್ನ ನಾಲಿಗೆ ಒಂಚೂರು ಒಣಗಿತು.
ಯಾಕೆಂದು ಆಮೇಲೆ ಹೇಳುತ್ತೇನೆ.

ಮೂರು ಸಲ ಕೂತೆವು.
ಮೊದಲ ದಿನ ಬರೀ ಕೂಗಾಟ; ಹುಂಜ ಮಾತ್ರ ಸುಮ್ಮನಿತ್ತು.
ಎರಡನೇ ದಿನ ಶುಂಠಿ ಕಷಾಯ ಕುಡಿದು ಎದ್ದು ಹೋದರು.
ಮೂರನೇ ದಿನ ನಾನು ಕೇಳಿದ್ದು ಇಷ್ಟೇ:
ಆ ಕಡೆಯ ಗೋಡೆಗೆ ಯಾಕೆ ಕಟ್ಟುವುದಿಲ್ಲ?

ತೆಯೊದುಲೊ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.
"ಆ ಕಡೆ ಹೆಂಡತಿಯ ಮಂಚ. ವಾರಕ್ಕೆರಡು ಸಲ
ಹೋಗಿ ರಕ್ತ ತೊಳೆಸಿಕೊಂಡು ಬರುತ್ತಾಳೆ.
ನಿದ್ದೆ ಹತ್ತುವುದೇ ಅವಳಿಗೆ ಆ ಹೊತ್ತಿಗೆ."

ಪ್ಲಾಸಿದಾ ಫ್ಯಾನನ್ನೇ ನೋಡುತ್ತಿದ್ದಳು.
"ಬುಟ್ಟಿ ಹಿಡಿದು ದೋಣಿ ಹತ್ತುತ್ತಿದ್ದಳು.
ಸಂತೆಗೆ ಅಂದುಕೊಂಡಿದ್ದೆ."

ಕ್ಷಮಿಸು ಎಂಬ ಪದ ಯಾರ ಬಾಯಲ್ಲೂ ಬರಲಿಲ್ಲ,
ಕರಾರಿನಲ್ಲೂ ಇಲ್ಲ. ಅಲ್ಲಿರುವುದು:
ಕಣ್ಣಿನ ಮದ್ದಿಗೆ ಅರ್ಧರ್ಧ ಖರ್ಚು.
ಹುಂಜ ಸಂಜೆಯಿಂದ ಬೆಳಗಿನ ತನಕ
ಸಂಧಾನಕಾರನ ಹಿತ್ತಲಲ್ಲಿ ಮಲಗತಕ್ಕದ್ದು.
ಬೇರೆ ಜಾಗ ಹೊಳೆಯಲಿಲ್ಲ. ಸಹಿ ಹಾಕಿದೆವು.
ಪ್ಲಾಸಿದಾಳ ಹೆಬ್ಬೆಟ್ಟಿನ ಶಾಯಿ ಮೇಜಿಗೂ ಹತ್ತಿತು.

ಈಗ ಹೇಳುತ್ತೇನೆ.
ಅನಿಸೆತೊ ನನ್ನ ಒಡಹುಟ್ಟಿದವನು.
ಅವನ ಮೇಲೆ ನಾನು ಹೂಡಿದ ದಾವೆಗೆ ಹನ್ನೊಂದು ವರ್ಷ.
ಅಪ್ಪನ ಅಂಗಡಿಯ ಮಗ್ಗುಲ ಸಂದಿ, ಅಗಲ
ಒಂದು ಕ್ಷೌರದ ಕುರ್ಚಿಯಷ್ಟು.
ಅವನಿರುವುದು ಕತ್ಬಲೋಗನ್‌ನಲ್ಲಿ; ಬೇರೆ ಊರಿನವರ ಜಗಳ
ನಮ್ಮ ಲುಪೊನ್‌ಗೆ ಸೇರುವುದಿಲ್ಲ ಎಂಬುದು ನಿಯಮ.
ಒಳ್ಳೆಯ ನಿಯಮ. ಅದರ ಹಿಂದೆ ಒಬ್ಬ ಮನುಷ್ಯ
ಹನ್ನೊಂದು ವರ್ಷ ಆರಾಮಾಗಿ ಅಡಗಿ ಕೂರಬಹುದು.
ಅವನ ಎಡಗಿವಿಯ ಹಿಂದೊಂದು ಸುಳಿಯಿದೆ.
ಈಗ ಯಾರು ಕತ್ತರಿಸುತ್ತಾರೋ,
ಸುಳಿ ನೋಡದೆ ಉಲ್ಟಾ ಬಾಚುತ್ತಾರೋ.

ಮೂರಕ್ಕೆ ಕೂಗಿತು ಹುಂಜ, ನನ್ನ ಕಿಟಕಿಗೇ ಬಾಯಿಟ್ಟು.
ಕತ್ತಲಲ್ಲಿ ಕೈ ಚಪ್ಪಲಿಗೆ ಹೋಯಿತು.
ಅದು ಒಕ್ಕಣ್ಣು ನನ್ನ ಕಡೆ ತಿರುಗಿಸಿ
ಇನ್ನೊಮ್ಮೆ ಕೂಗಿತು.

ಎಸೆಯಲಿಲ್ಲ. ಮೆಟ್ಟಿಕೊಂಡೆ.
ಕತ್ತರಿಯ ಡಬ್ಬಿ ಹುಡುಕಿದೆ.
ಮೊದಲ ದೋಣಿ ಐದಕ್ಕೆ;
ಇನ್ನೆರಡು ಗಂಟೆ ಹುಂಜಕ್ಕೂ ನನಗೂ ಮಾತು.